ಗಡಿಯಾರವೂ ಬಾಯಾರಿಕೆಯೂ: ದೀರ್ಘ ಓಟದ ಅನ್ನಪಾನವಿಧಿಗಳ ವಿಮರ್ಶೆ

1

ಶಾಸ್ತ್ರಗ್ರಂಥವೊಂದರ ವಿಧಿವಾಕ್ಯವನ್ನು ಪರೀಕ್ಷಿಸುವವರು ಆ ವಾಕ್ಯದ ಅರ್ಥವನ್ನು ವಿಚಾರಿಸುವಂತೆಯೇ, ಅದು ಯಾರಿಗೆ, ಯಾವ ದೇಶದಲ್ಲಿ, ಯಾವ ಋತುವಿನಲ್ಲಿ ಹೇಳಲ್ಪಟ್ಟಿತೆಂಬುದನ್ನೂ ವಿಚಾರಿಸಬೇಕಾಗುತ್ತದೆ. ಕಾವ್ಯಮೀಮಾಂಸೆಯಲ್ಲಿ ಈ ಕ್ರಮವು ನಮಗೆ ಪರಿಚಿತವಾದುದು. ದೇಹವ್ಯಾಯಾಮವನ್ನು ಕುರಿತ ಬರಹಗಳ ವಿಷಯದಲ್ಲಿ ಮಾತ್ರ ಎಲ್ಲಿಯೋ ಅಚ್ಚಾದ ಒಂದು ಅಂಕಿಯನ್ನು ಎತ್ತಿಕೊಂಡು ಎಲ್ಲ ದೇಹಗಳಿಗೂ ಎಲ್ಲ ಊರುಗಳಿಗೂ ಅನ್ವಯಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ದೀರ್ಘ ಓಟದ ಅಭ್ಯಾಸದಲ್ಲಿ ಎಷ್ಟು ನೀರು ಕುಡಿಯಬೇಕು, ಎಷ್ಟು ಉಪ್ಪು ಸೇವಿಸಬೇಕು, ಏನನ್ನು ತಿನ್ನಬೇಕು ಎಂಬ ಪ್ರಶ್ನೆಗೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಪರಸ್ಪರ ವಿರುದ್ಧವಾದ ಮೂರು ಉತ್ತರಗಳು ಬಂದಿವೆ. ಮೂರೂ ತಮ್ಮ ತಮ್ಮ ಕಾಲದಲ್ಲಿ ಅಧಿಕೃತವೆನಿಸಿದ್ದುವು. ಅವುಗಳನ್ನು ಬಳ್ಳಾರಿಯ ಬಿಸಿಲಿನಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಈ ವಿಚಾರವು ಕೇವಲ ಪಾಂಡಿತ್ಯಕ್ಕೆ ಸಂಬಂಧಿಸಿದುದಲ್ಲ. 2024ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಜಾರ್ಖಂಡ್ ರಾಜ್ಯದ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗಾಗಿ ನಡೆದ 10 ಕಿಲೋಮೀಟರ್ ಓಟದ ಪರೀಕ್ಷೆಯ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಅಭ್ಯರ್ಥಿಗಳು ಮೃತಪಟ್ಟರು. ಸೆಕೆ, ದೀರ್ಘಕಾಲದ ಕಾಯುವಿಕೆ, ಉತ್ತೇಜಕ ದ್ರವ್ಯಗಳು ಎಂದು ಕಾರಣಗಳನ್ನು ಕುರಿತು ವಾದಗಳು ನಡೆದುವು. ನೌಕರಿಯ ಆಸೆಯಿಂದ ಓಡುವ ತರುಣರಿಗೆ ದೇಹದ ತಾಪದ ವಿಷಯದಲ್ಲಿ ಸರಿಯಾದ ತಿಳಿವಳಿಕೆ ದೊರೆಯುವುದು ಎಷ್ಟು ಅವಶ್ಯವೆಂಬುದಕ್ಕೆ ಆ ದುರಂತವು ಸಾಕ್ಷಿ. ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಓಟಗಾರರಿದ್ದಾರೆ. ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಸಂಸ್ಥೆಯಲ್ಲಿ ತರಬೇತಿ ಪಡೆಯುವವರಿಗೆ ತಜ್ಞರ ಆಸರೆಯುಂಟು. ನಸುಕಿನಲ್ಲೆದ್ದು ಕುರುಗೋಡಿನ ಅಥವಾ ಸಿರುಗುಪ್ಪದ ರಸ್ತೆಯಲ್ಲಿ ಓಡುವ ಕಾಲೇಜು ವಿದ್ಯಾರ್ಥಿಗೆ ಇರುವ ಆಸರೆಯೆಂದರೆ ಕೇಳಿದ ಮಾತು, ಓದಿದ ಮಾತು. ಆದಕಾರಣ ಆ ಮಾತುಗಳ ಶುದ್ಧಿಯನ್ನು ನೋಡುವುದು ಅಧ್ಯಾಪಕರ ಹೊಣೆಯೆಂದು ನಾವು ಭಾವಿಸುತ್ತೇವೆ.

2

ಮೊದಲನೆಯ ಉತ್ತರವು ಸಂಯಮದ ಉತ್ತರ: ಓಡುವಾಗ ನೀರು ಕುಡಿಯುವುದು ದೌರ್ಬಲ್ಯ, ಕುಡಿದರೆ ಹೊಟ್ಟೆ ಭಾರವಾಗುತ್ತದೆ, ಒಳ್ಳೆಯ ಓಟಗಾರನು ಬಾಯಾರಿಕೆಯನ್ನು ಗೆಲ್ಲಬೇಕು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್ ಈ ಮತದ ಪರೀಕ್ಷಾಭೂಮಿಯಾಯಿತು. ಆಗಸ್ಟ್ ಕೊನೆಯ ಮಧ್ಯಾಹ್ನ, ಉಷ್ಣತೆ ಸುಮಾರು 32 ಡಿಗ್ರಿ ಸೆಲ್ಸಿಯಸ್, ವಾಹನಗಳು ಎಬ್ಬಿಸಿದ ಧೂಳು. ಮಾರ್ಗದಲ್ಲಿ ನೀರು ಸಿಗುವ ಸ್ಥಳಗಳು ಒಂದೆರಡು ಮಾತ್ರ. ನೀರಿನ ಅಭಾವದ ಪರಿಣಾಮವನ್ನು ನೋಡುವ ಕುತೂಹಲವು ಸಂಘಟಕರಿಗೇ ಇದ್ದಿತು. ಹೊರಟ 32 ಮಂದಿಯಲ್ಲಿ ಗುರಿ ಮುಟ್ಟಿದವರು 14 ಮಂದಿ. ಗೆದ್ದ ಥಾಮಸ್ ಹಿಕ್ಸ್‌ಗೆ ಅವನ ಸಹಾಯಕರು ದಾರಿಯಲ್ಲಿ ಕೊಟ್ಟದ್ದು ಮೊಟ್ಟೆಯ ಬಿಳಿಲೋಳೆ, ಬ್ರಾಂದಿ ಮತ್ತು ಸ್ಟ್ರಿಕ್ನಿನ್ ಎಂಬ ವಿಷ. ಅವನು ಬದುಕಿದುದೇ ಅದೃಷ್ಟ.

ಈ ಅನುಭವದಿಂದಲೂ ಮತವು ಅಳಿಯಲಿಲ್ಲ. 1953ರ ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟದ ನಿಯಮಾವಳಿಯು ಮ್ಯಾರಥಾನಿನಲ್ಲಿ ಮೊದಲ 15 ಕಿಲೋಮೀಟರ್ ದಾಟಿದ ಮೇಲೆಯೇ ಪಾನೀಯದ ವ್ಯವಸ್ಥೆಯನ್ನು ವಿಧಿಸುತ್ತಿತ್ತು. ನೀರಿನ ಕೊರತೆಯಿಂದ ರಕ್ತದ ಪ್ರಮಾಣ ಕುಗ್ಗುತ್ತದೆ. ಕುಗ್ಗಿದ ರಕ್ತವನ್ನೇ ಹೃದಯವು ಸ್ನಾಯುಗಳಿಗೂ ಚರ್ಮಕ್ಕೂ ಹಂಚಬೇಕಾಗಿ, ನಾಡಿ ಏರುತ್ತದೆ, ದೇಹದ ತಾಪವೂ ಏರುತ್ತದೆ. ಇದು ಇಂದು ಪ್ರಯೋಗಸಿದ್ಧವಾದ ಸಂಗತಿ. ಸಂಯಮದ ಮತವು ಶೀಲದ ಭಾಷೆಯಲ್ಲಿ ಶರೀರದ ಮಾತನ್ನಾಡಿತು. ಅದೇ ಅದರ ದೋಷ. ಆದರೆ ಈ ಮತವು ಸತ್ತಿತೆಂದು ನಾವು ತಿಳಿಯಲಾಗದು. "ಬಿಸಿಲಿಗೆ ಒಗ್ಗಿದವನಿಗೆ ನೀರು ಕಡಿಮೆ ಸಾಕು" ಎಂಬ ರೂಪದಲ್ಲಿ ಅದು ನಮ್ಮ ಊರುಗಳಲ್ಲಿ ಇನ್ನೂ ಜೀವಂತವಾಗಿದೆ. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ಹತ್ತರಿಂದ ಹದಿನಾಲ್ಕು ದಿನ ಸೆಕೆಯಲ್ಲಿ ಅಭ್ಯಾಸ ಮಾಡಿದ ದೇಹವು ಬೇಗನೆ ಬೆವರತೊಡಗುತ್ತದೆ, ಹೆಚ್ಚು ಬೆವರುತ್ತದೆ. ಬೆವರಿನಲ್ಲಿ ಹೋಗುವ ಉಪ್ಪು ಮಾತ್ರ ಕಡಿಮೆಯಾಗುತ್ತದೆ. ಎಂದರೆ, ಒಗ್ಗಿದವನಿಗೆ ಬೇಕಾದುದು ಕಡಿಮೆ ನೀರಲ್ಲ, ತುಸು ಹೆಚ್ಚು ನೀರು.

3

ಎರಡನೆಯ ಉತ್ತರವು ಗಡಿಯಾರದ ಉತ್ತರ. 1969ರಲ್ಲಿ ದಕ್ಷಿಣ ಆಫ್ರಿಕದ ವಿಂಡಮ್ ಮತ್ತು ಸ್ಟ್ರೈಡಮ್ ಎಂಬ ವಿದ್ವಾಂಸರು ಮ್ಯಾರಥಾನ್ ಓಟದಲ್ಲಿ ನೀರು ಸಾಲದಿರುವುದರ ಅಪಾಯವನ್ನು ಕುರಿತು ಬರೆದ ಪ್ರಬಂಧವು ಹಳೆಯ ಮತವನ್ನು ಅಲುಗಿಸಿತು. ಅದಕ್ಕೆ ಮೊದಲೇ, 1965ರಲ್ಲಿ, ಫ್ಲಾರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ಮತ್ತು ಸಂಗಡಿಗರು ಉಪ್ಪು ಸಕ್ಕರೆ ಬೆರೆತ ಪಾನೀಯವನ್ನು ಅಲ್ಲಿನ ಆಟಗಾರರಿಗಾಗಿ ತಯಾರಿಸಿದ್ದರು. ಗೇಟೊರೇಡ್ ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಯಿತು. 1996ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಎಂಬ ಸಂಸ್ಥೆಯು ಹೊರಡಿಸಿದ ನಿಲುವಿನ ಪತ್ರದಲ್ಲಿ ಈ ಮತವು ಪೂರ್ಣರೂಪಕ್ಕೆ ಬಂದಿತು. ಬೆವರಿನಲ್ಲಿ ಹೋದ ನೀರನ್ನೆಲ್ಲ ತುಂಬುವಷ್ಟು, ಇಲ್ಲವೆ ಹೊಟ್ಟೆ ತಾಳುವಷ್ಟೂ ಕುಡಿಯಬೇಕೆಂಬುದು ಅದರ ಸಾರಾಂಶ. ಶರ್ಕರಪಿಷ್ಟವನ್ನು ಒದಗಿಸುವ ಪಾನೀಯದ ಪ್ರಮಾಣವನ್ನು ಅದು ಗಂಟೆಗೆ 600ರಿಂದ 1200 ಮಿಲಿಲೀಟರ್ ಎಂದು ಸೂಚಿಸಿತು.

ಈ ಅಂಕಿಯನ್ನು ಲೆಕ್ಕ ಹಾಕಿ ನೋಡೋಣ. ಬಳ್ಳಾರಿಯಿಂದ ಕುರುಗೋಡಿಗೆ ಮೂವತ್ತು ಕಿಲೋಮೀಟರಿಗೆ ತುಸು ಕಡಿಮೆ. ದೀರ್ಘ ಓಟದ ಅಭ್ಯಾಸಕ್ಕೆ ಹಿಡಿಸುವ ದೂರ. 60 ಕಿಲೋಗ್ರಾಂ ತೂಕದ ಓಟಗಾರನೊಬ್ಬನು ಮುಂಜಾನೆ ಗಂಟೆಗೆ ಸುಮಾರು ಒಂದು ಲೀಟರಿನಂತೆ ಬೆವರುತ್ತ ಮೂರು ಗಂಟೆ ಓಡಿದನೆಂದು ಇಟ್ಟುಕೊಳ್ಳೋಣ. ಏನನ್ನೂ ಕುಡಿಯದಿದ್ದರೆ ಅವನು ಕಳೆದುಕೊಳ್ಳುವುದು 3 ಲೀಟರ್, ತೂಕದ ನೂರಕ್ಕೆ 5 ಭಾಗ, ಇದು ಹೆಚ್ಚಾಯಿತು. ಗಂಟೆಗೆ 600 ಮಿಲಿಲೀಟರ್ ಕುಡಿದರೆ ಕೊರತೆ 1.2 ಲೀಟರ್, ನೂರಕ್ಕೆ 2 ಭಾಗ, ಇದು ತಾಳತಕ್ಕದ್ದು. 1200 ಮಿಲಿಲೀಟರಿನಂತೆ ಕುಡಿದರೆ ಕೊನೆಗೆ ಅವನ ದೇಹದಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರು ಮಿಗುತ್ತದೆ. ಇನ್ನು 45 ಕಿಲೋಗ್ರಾಂ ತೂಕದ ವಿದ್ಯಾರ್ಥಿನಿಯೊಬ್ಬಳು ನಿಧಾನವಾಗಿ, ಗಂಟೆಗೆ ಅರ್ಧ ಲೀಟರ್ ಬೆವರುತ್ತ, ನಾಲ್ಕು ಗಂಟೆಯಲ್ಲಿ ಅದೇ ದೂರವನ್ನು ಕ್ರಮಿಸಿದಳೆನ್ನೋಣ. ವಿಧಿಯ ಮೇಲಿನ ಅಂಕಿಯನ್ನು ಅನುಸರಿಸಿದರೆ ಅವಳಲ್ಲಿ 2.8 ಲೀಟರ್ ನೀರು ಹೆಚ್ಚಾಗುತ್ತದೆ. ಕೆಳಗಿನ ಅಂಕಿಯನ್ನು ಅನುಸರಿಸಿದರೂ ಅದು ಅವಶ್ಯಕತೆಯನ್ನು ಮೀರುತ್ತದೆ. ಒಬ್ಬನಿಗೆ ಪಥ್ಯವಾದುದು ಇನ್ನೊಬ್ಬಳಿಗೆ ಅಪಥ್ಯ. ವಿಧಿವಾಕ್ಯದಲ್ಲಿ ಮಾತ್ರ ಇಬ್ಬರೂ ಒಂದೇ.

ಹೆಚ್ಚಾದ ನೀರು ನಿರುಪದ್ರವಿಯಲ್ಲ. ದೀರ್ಘ ವ್ಯಾಯಾಮದ ಸಮಯದಲ್ಲಿ ಮೂತ್ರವನ್ನು ತಡೆಹಿಡಿಯುವ ಹಾರ್ಮೋನು ಸ್ರವಿಸುತ್ತಿರುವುದರಿಂದ ಮಿಗಿಲಾದ ನೀರನ್ನು ಮೂತ್ರಪಿಂಡಗಳು ಬೇಗನೆ ಹೊರಹಾಕಲಾರವು. ರಕ್ತದ ಸೋಡಿಯಂ ತೆಳುವಾಗುತ್ತದೆ; ನೀರು ಜೀವಕೋಶಗಳೊಳಕ್ಕೆ ಸರಿಯುತ್ತದೆ; ಮಿದುಳು ಊದಿಕೊಳ್ಳುತ್ತದೆ. ತಲೆನೋವು, ವಾಂತಿ, ಗೊಂದಲ, ಸೆಳವು, ಕೆಲವೊಮ್ಮೆ ಮರಣ, ಇದೇ ಅದರ ಕ್ರಮ. ಈ ಸ್ಥಿತಿಯನ್ನು ದಕ್ಷಿಣ ಆಫ್ರಿಕದ ವೈದ್ಯ ಟಿಮ್ ನೋಕ್ಸ್ ಮತ್ತು ಸಂಗಡಿಗರು 1985ರಲ್ಲಿಯೇ ವರ್ಣಿಸಿದ್ದರು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವು ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಪ್ರಮಾಣ ಇಳಿದಿದ್ದುದನ್ನು ತೋರಿಸಿತು. ಓಟದ ಕೊನೆಗೆ ತೂಕ ಏರಿದ್ದುದೇ ಅದರ ಪ್ರಬಲವಾದ ಸೂಚನೆಯಾಗಿತ್ತು. ನಾಲ್ಕು ಗಂಟೆಗೂ ಮೀರಿ ಓಡಿದವರಲ್ಲಿ ಅಪಾಯ ಹೆಚ್ಚಾಗಿತ್ತು. 2007ರಲ್ಲಿ ಅದೇ ಅಮೆರಿಕನ್ ಸಂಸ್ಥೆಯು ತನ್ನ ನಿಲುವನ್ನು ತಿದ್ದಿ, ತೂಕದ ಇಳಿಕೆ ನೂರಕ್ಕೆ 2ನ್ನು ಮೀರದಂತೆಯೂ ತೂಕ ಏರದಂತೆಯೂ ನೋಡಿಕೊಳ್ಳಬೇಕೆಂದಿತು. ತಿದ್ದುಪಡಿಯು ಶ್ಲಾಘ್ಯವಾದುದು, ಆದರೆ ಹಳೆಯ ಅಂಕಿಗಳು ಬಾಯಿಂದ ಬಾಯಿಗೆ ಹರಿಯುತ್ತಲೇ ಇವೆ.

4

ಮೂರನೆಯ ಉತ್ತರವು ಬಾಯಾರಿಕೆಯ ಉತ್ತರ. 2012ರಲ್ಲಿ ಪ್ರಕಟವಾದ ನೋಕ್ಸ್ ಅವರ ವಾಟರ್‌ಲಾಗ್ಡ್ ಎಂಬ ಗ್ರಂಥವು ಇದರ ಪ್ರಮುಖ ಪ್ರತಿಪಾದನೆ. ಬಾಯಾರಿಕೆಯೆಂಬುದು ದೇಹವು ಯುಗಯುಗಗಳಿಂದ ಪಳಗಿಸಿಕೊಂಡು ಬಂದ ಸೂಕ್ಷ್ಮವಾದ ಅಳತೆಗೋಲು. ಅದನ್ನು ಅನುಸರಿಸಿ ಕುಡಿದರೆ ಸಾಕು. ಅತಿಪಾನದ ಉಪದೇಶದ ಹಿಂದೆ ಪಾನೀಯದ ವ್ಯಾಪಾರದ ಪ್ರಭಾವವಿದೆ ಎಂಬುದು ಅದರ ವಾದ. 2015ರಲ್ಲಿ ಕ್ಯಾಲಿಫೋರ್ನಿಯದ ಕಾರ್ಲ್ಸ್‌ಬಾಡಿನಲ್ಲಿ ಸೇರಿದ ತಜ್ಞರ ಸಭೆಯೂ ಸೋಡಿಯಂ ಇಳಿತವನ್ನು ತಡೆಯಲು ಬಾಯಾರಿಕೆಯಂತೆ ಕುಡಿಯುವುದೇ ಭದ್ರವಾದ ಮಾರ್ಗವೆಂದು ಒಪ್ಪಿತು. ಈ ಗ್ರಂಥದ ಗುಣವು ದೊಡ್ಡದು. ಒಂದು ಅಧಿಕೃತ ಮತವನ್ನು ಅದರ ಸಾಕ್ಷ್ಯಗಳ ತನಕ ಬೆನ್ನಟ್ಟಿ ಹೋಗುವ ಧೈರ್ಯ ಅದರಲ್ಲಿದೆ. ಅತಿಪಾನದಿಂದ ಸಾಯುವವರನ್ನು ಉಳಿಸಿದ ಪುಣ್ಯದಲ್ಲಿ ಅದಕ್ಕೆ ಪಾಲುಂಟು.

ಹೀಗಿದ್ದರೂ ಅದರ ಸಿದ್ಧಾಂತವನ್ನು ನಾವು ಇದ್ದಂತೆಯೇ ಇಲ್ಲಿಗೆ ತರಲಾರೆವು. ನೋಕ್ಸ್ ಅವರ ಚಿಂತನೆಯನ್ನು ರೂಪಿಸಿದ ಕಾಮ್ರೇಡ್ಸ್ ಓಟವು ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಗರಗಳ ನಡುವೆ ಸುಮಾರು 90 ಕಿಲೋಮೀಟರ್ ನಡೆಯುವಂಥದು. ಆದರೆ ಅದು ನಡೆಯುವ ಕಾಲವು ದಕ್ಷಿಣಾರ್ಧಗೋಲದ ಚಳಿಗಾಲದ ಮೊದಲ ದಿನಗಳು. ಬಳ್ಳಾರಿಯಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ಉಷ್ಣತೆ 40 ಡಿಗ್ರಿಯ ಸುತ್ತ ಇರುತ್ತದೆ. ಮೇಲಾಗಿ, ಗಾಳಿ ಒಣದಾದುದರಿಂದ ಬೆವರು ಚರ್ಮದ ಮೇಲೆ ನಿಲ್ಲದೆ ಹುಟ್ಟಿದ ಕ್ಷಣವೇ ಆರಿಹೋಗುತ್ತದೆ. ಮಂಗಳೂರಿನ ಓಟಗಾರನ ಅಂಗಿ ತೊಯ್ದು ತೊಟ್ಟಿಕ್ಕಿ ಅವನ ನಷ್ಟವನ್ನು ಅವನಿಗೆ ತಿಳಿಸುತ್ತದೆ. ಬಳ್ಳಾರಿಯವನ ಅಂಗಿ ಒಣಗಿಯೇ ಇದ್ದು, ಮನೆಗೆ ಬಂದ ಮೇಲೆ ಬಿಳಿಯ ಉಪ್ಪಿನ ಗೆರೆಗಳನ್ನು ಮಾತ್ರ ತೋರಿಸುತ್ತದೆ. ಇಲ್ಲಿ ನಷ್ಟವು ಕಣ್ಣಿಗೆ ಕಾಣದು. ಬಾಯಾರಿಕೆಯೋ ದೇಹದ್ರವದ ಸಾಂದ್ರತೆ ತುಸು ಏರಿದ ಮೇಲೆಯೇ ಎಚ್ಚರಗೊಳ್ಳುವ ದೂತ. ಮೇಲಾಗಿ ಒಂದೆರಡು ಗುಟುಕು ನೀರು ಗಂಟಲಿಗೆ ತಾಗಿದೊಡನೆ, ಕೊರತೆ ತುಂಬುವುದಕ್ಕೆ ಮೊದಲೇ, ಅದು ಶಮನಗೊಳ್ಳುತ್ತದೆ. 2018ರಲ್ಲಿ ಕೆನಫಿಕ್ ಎಂಬ ವಿದ್ವಾಂಸರು ಎರಡು ಮತಗಳನ್ನೂ ತೂಗಿ, ಚಿಕ್ಕ ಅವಧಿಯ ಅಥವಾ ತಂಪಿನ ವ್ಯಾಯಾಮಕ್ಕೆ ಬಾಯಾರಿಕೆಯೂ, 90 ನಿಮಿಷಗಳನ್ನು ಮೀರಿದ, ಸೆಕೆಯಲ್ಲಿ ತೀವ್ರಗತಿಯಿಂದ ನಡೆಯುವ ವ್ಯಾಯಾಮಕ್ಕೆ ಪೂರ್ವಯೋಜನೆಯೂ ತಕ್ಕುದೆಂದು ಬರೆದುದು ನಮಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ಇನ್ನೊಂದು ವ್ಯಾವಹಾರಿಕವಾದ ಮಾತೂ ಇದೆ. ಬಾಯಾರಿದಾಗ ಕುಡಿ ಎಂಬ ವಿಧಿಯು ಬಾಯಾರಿದಲ್ಲಿ ನೀರು ದೊರೆಯುತ್ತದೆಂದು ಭಾವಿಸಿಕೊಂಡಿದೆ. ಎರೆಮಣ್ಣಿನ ಬಯಲಿನ ರಸ್ತೆಯಲ್ಲಿ ಮುಂದಿನ ಊರು ಬರುವ ತನಕ ಆ ಭಾವನೆ ಸಲ್ಲದು. ನೀರನ್ನು ಒಯ್ಯಬೇಕು, ಇಲ್ಲವೆ ಮೊದಲೇ ಇರಿಸಿಬರಬೇಕು; ಎರಡೂ ಯೋಜನೆಯೇ.

5

ಈ ಚರ್ಚೆಗಳಲ್ಲಿ ಆಗಾಗ ತಲೆದೋರುವ ಒಂದು ಗೊಂದಲವಿದೆ. ನೀರಿನ ಕೊರತೆಯನ್ನೂ ಉಷ್ಣಾಘಾತವನ್ನೂ ಒಂದೇ ಎಂಬಂತೆ ಎಣಿಸುವುದೇ ಅದು. ಓಡುವ ದೇಹವು ಒಂದು ಕುಲುಮೆ. ಸೇವಿಸಿದ ಶಕ್ತಿಯ ಮುಕ್ಕಾಲು ಭಾಗಕ್ಕೂ ಹೆಚ್ಚು ಶಾಖವಾಗಿ ಹೊರಡುತ್ತದೆ. ಒಂದು ಲೀಟರ್ ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆದರೆ ಶಾಖದ ಉತ್ಪತ್ತಿಯನ್ನು ನಿರ್ಣಯಿಸುವುದು ಮುಖ್ಯವಾಗಿ ಓಟದ ವೇಗ. ವಿಸರ್ಜನೆಯನ್ನು ನಿರ್ಣಯಿಸುವುದು ಗಾಳಿ, ತೇವ ಮತ್ತು ಬಿಸಿಲು. ಗಾಳಿಯ ಉಷ್ಣತೆಯು ಚರ್ಮದ ಉಷ್ಣತೆಯನ್ನು, ಎಂದರೆ ಸುಮಾರು 35 ಡಿಗ್ರಿಯನ್ನು, ದಾಟಿದರೆ ಬೀಸುವ ಗಾಳಿಯೇ ದೇಹಕ್ಕೆ ಶಾಖವನ್ನು ಕೊಡುತ್ತದೆ. ಆಗ ಹೊಟ್ಟೆಯ ತುಂಬ ನೀರಿದ್ದರೂ ವೇಗವಾಗಿ ಓಡಿದವನು ಉಷ್ಣಾಘಾತಕ್ಕೆ ಗುರಿಯಾಗಬಹುದು. ನೀರು ಕವಚವೆಂಬ ನಂಬಿಕೆಯಿಂದ ಮಧ್ಯಾಹ್ನದಲ್ಲಿ ಓಡುವ ಸಾಹಸಕ್ಕೆ ಇಳಿಯುವುದು ಆ ನಂಬಿಕೆಯ ಅತ್ಯಂತ ಅಪಾಯಕಾರಿಯಾದ ಫಲ.

ಹೀಗೆ ನೋಡಿದರೆ ನಮ್ಮ ಜಿಲ್ಲೆಯೊಳಗೇ ಭೇದಗಳು ಕಾಣುತ್ತವೆ. ಬಳ್ಳಾರಿ ನಗರದ ಗುಡ್ಡಗಳ ಬಂಡೆಗಳು ಹಗಲಿನ ಶಾಖವನ್ನು ಹೊತ್ತುಕೊಂಡು ಸಂಜೆಯಲ್ಲಿ ಬಿಡುತ್ತವೆ. ಸಂಜೆಯ ಓಟವು ಕಾಣುವಷ್ಟು ತಂಪಲ್ಲ. ಸಿರುಗುಪ್ಪದ ಸುತ್ತಿನ ಭತ್ತದ ಗದ್ದೆಗಳು ತುಂಗಭದ್ರೆಯ ನೀರಿನಿಂದ ತೊಯ್ದಿರುವ ಕಾಲದಲ್ಲಿ ಬೆಳಗಿನ ಗಾಳಿಯಲ್ಲಿ ತೇವವುಂಟು. ಅಲ್ಲಿ ಬೆವರು ಆರುವುದು ನಿಧಾನ, ಸುರಿದುಹೋದ ಬೆವರು ತಂಪನ್ನು ಕೊಡದು. ಬೇಸಗೆಯಲ್ಲಿ ದೀರ್ಘ ಓಟಕ್ಕೆ ಸೂರ್ಯೋದಯದ ಮುನ್ನಿನ ವೇಳೆಯೇ ತಕ್ಕುದು. ಓಟಗಾರನು ತೊದಲಿದರೆ, ತೂರಾಡಿದರೆ, ಸಿಡುಕಿದರೆ, ಬೆವರಿದ್ದರೂ ಬೆವರದಿದ್ದರೂ ಉಷ್ಣಾಘಾತವೆಂದು ಶಂಕಿಸಿ ನೆರಳಿಗೊಯ್ದು ಮೊದಲು ತಣ್ಣೀರಿನಲ್ಲಿ ಮುಳುಗಿಸಬೇಕು ಅಥವಾ ಎಡೆಬಿಡದೆ ನೀರೆರೆಯಬೇಕು. 108ಕ್ಕೆ ಕರೆ ಹೋಗುತ್ತಿರುವಾಗಲೇ ಈ ಕೆಲಸ ಸಾಗಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಕೂಡದು.

6

ಉಪ್ಪಿನ ವಿಷಯಕ್ಕೆ ಬಂದರೆ ಅಲ್ಲಿಯೂ ಅರ್ಧಸತ್ಯಗಳೇ ಹೆಚ್ಚು. ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ ಅರ್ಧ ಗ್ರಾಂನಿಂದ ಒಂದೂವರೆ ಗ್ರಾಂಗೂ ಮೀರಿ, ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಾಗುತ್ತದೆ. ಉಪ್ಪು ಬೆರೆಸಿ ಕುಡಿದರೆ ಎಷ್ಟು ಕುಡಿದರೂ ಅಪಾಯವಿಲ್ಲವೆಂಬ ಮಾತು ಮಾತ್ರ ಶುದ್ಧ ತಪ್ಪು. ರಕ್ತದ್ರವದಲ್ಲಿ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್; ಮಾರುಕಟ್ಟೆಯ ಕ್ರೀಡಾಪಾನೀಯಗಳಲ್ಲಿ ಅದು ಸಾಮಾನ್ಯವಾಗಿ 20ರ ಸುತ್ತ. ತೆಳುವಾದುದನ್ನು ಎಷ್ಟು ಬೆರೆಸಿದರೂ ಗಟ್ಟಿಯಾದುದು ತೆಳುವೇ ಆಗುತ್ತದೆ.

ಓ.ಆರ್.ಎಸ್. ಎಂದು ಎಲ್ಲರೂ ಬಲ್ಲ ಜೀವಜಲವೂ ಇಲ್ಲಿ ವಿಚಾರಾರ್ಹ. ಕರುಳಿನಲ್ಲಿ ಸಕ್ಕರೆಯೂ ಸೋಡಿಯಮ್ಮೂ ಜೊತೆಗೂಡಿ ಹೀರಲ್ಪಡುತ್ತವೆಂಬ ತತ್ತ್ವವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಮಂಡಿಸಿದರು; 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅದರ ಬಲವನ್ನು ಲೋಕಕ್ಕೆ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಅತಿಸಾರದ ರೋಗಿಗೆ ಇದು ಅಮೃತ. ಓಟಗಾರನಿಗೆ ಇದು ಉಪ್ಪನ್ನೂ ನೀರನ್ನೂ ಕೊಡುತ್ತದೆ, ಆಹಾರವನ್ನು ಕೊಡದು. ಗಂಟೆಗೆ 600 ಮಿಲಿಲೀಟರ್ ಕುಡಿದರೂ ದೊರೆಯುವ ಸಕ್ಕರೆ 8 ಗ್ರಾಂ. ಇದಕ್ಕೆ ಪ್ರತಿಯಾಗಿ ಈ ಹೆಸರನ್ನು ಹೊತ್ತು, ಸೂತ್ರವನ್ನು ಪಾಲಿಸದೆ, ಸಿಹಿಯೇ ಹೆಚ್ಚಾಗಿದ್ದ ಪೊಟ್ಟಣಗಳು ಬಹುಕಾಲ ಅಂಗಡಿಗಳಲ್ಲಿದ್ದುವು. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಆದೇಶಿಸಿತು. ಹೆಸರನ್ನು ನಂಬಿ ವಸ್ತುವನ್ನು ಸೇವಿಸುವವನಿಗೆ ಇದೊಂದು ಪಾಠ.

7

ಇಂಧನದ ವಿಚಾರದಲ್ಲಿ ಶಾಸ್ತ್ರವು ಹೆಚ್ಚು ನಿಶ್ಚಿತವಾಗಿದೆ. 1924ರ ಬಾಸ್ಟನ್ ಮ್ಯಾರಥಾನಿನಲ್ಲಿ ಬಳಲಿ ಗುರಿ ಸೇರಿದ ಕೆಲವರ ರಕ್ತದಲ್ಲಿ ಸಕ್ಕರೆ ಬಹಳ ಇಳಿದಿದ್ದುದನ್ನು ವೈದ್ಯರು ಕಂಡರು. ಮರುವರ್ಷ ಓಟದ ನಡುವೆ ಸಿಹಿಯನ್ನು ಕೊಟ್ಟಾಗ ಓಟಗಾರರ ಸ್ಥಿತಿ ಉತ್ತಮವಾಗಿತ್ತು. 1966 ಮತ್ತು 1967ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಮ್, ಹಲ್ಟ್‌ಮನ್ ಮೊದಲಾದವರು ಸ್ನಾಯುವಿನ ತುಣುಕುಗಳನ್ನು ತೆಗೆದು ಪರೀಕ್ಷಿಸಿ, ಗ್ಲೈಕೋಜನ್ ಎಂಬ ಸಂಚಿತ ಶರ್ಕರಪಿಷ್ಟವು ಬರಿದಾಗುವುದಕ್ಕೂ ಬಳಲಿಕೆಗೂ ಇರುವ ಸಂಬಂಧವನ್ನು ಸ್ಥಾಪಿಸಿದರು.

ಓಟದ ವೆಚ್ಚವು ಸ್ಥೂಲವಾಗಿ ಕಿಲೋಗ್ರಾಂ ತೂಕಕ್ಕೆ ಕಿಲೋಮೀಟರಿಗೆ ಒಂದು ಕಿಲೋಕ್ಯಾಲೊರಿ. ನಮ್ಮ 60 ಕಿಲೋಗ್ರಾಂ ಓಟಗಾರನಿಗೆ ಕುರುಗೋಡು ತಲಪಲು ಸುಮಾರು 1700 ಕಿಲೋಕ್ಯಾಲೊರಿ ಬೇಕು. ಅದರಲ್ಲಿ ಮೂರನೆಯ ಎರಡು ಭಾಗ ಶರ್ಕರಪಿಷ್ಟದಿಂದ ಬಂದರೆ 280 ಗ್ರಾಂ ಆಗುತ್ತದೆ. ಚೆನ್ನಾಗಿ ಉಂಡವನ ಸ್ನಾಯುಗಳಲ್ಲಿ 400 ಗ್ರಾಂ ಸುತ್ತ, ಯಕೃತ್ತಿನಲ್ಲಿ 100 ಗ್ರಾಂ ಸುತ್ತ ಸಂಗ್ರಹವಿರುವುದರಿಂದ ಲೆಕ್ಕದಲ್ಲಿ ಅವನು ಏನೂ ತಿನ್ನದೆ ಓಡಬಲ್ಲನು. ಆದರೆ ರಾತ್ರಿಯ ಉಪವಾಸದಲ್ಲಿ ಯಕೃತ್ತಿನ ಸಂಗ್ರಹವು ಬಹುಪಾಲು ಕರಗಿರುತ್ತದೆ. ವಿದ್ಯಾರ್ಥಿನಿಲಯದಲ್ಲಿ ಹಿಂದಿನ ರಾತ್ರಿ ಅರೆಹೊಟ್ಟೆ ಉಂಡವನಲ್ಲಿ ಸ್ನಾಯುವಿನ ಸಂಗ್ರಹವೂ ಪೂರ್ಣವಾಗಿರದು. ಬರಿಹೊಟ್ಟೆಯ ಓಟದಿಂದ ದೃಢತೆ ಬರುತ್ತದೆಂಬ ಮಾತನ್ನು ಅಂಥವನಿಗೆ ಹೇಳುವುದು ಬಡತನವನ್ನು ವ್ರತವೆಂದು ಹೊಗಳಿದಂತೆ. ಒಂದೂವರೆ ಗಂಟೆ ಮೀರಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ತಕ್ಕುದು. ಗ್ಲೂಕೋಸ್ ಮಾತ್ರವಾದರೆ ಕರುಳು ಗಂಟೆಗೆ 60 ಗ್ರಾಂ ಸುತ್ತ ಹೀರಬಲ್ಲದು. ಫ್ರಕ್ಟೋಸ್ ಬೇರೆ ದ್ವಾರದಿಂದ ಒಳಸೇರುವುದರಿಂದ ಎರಡರ ಮಿಶ್ರಣವು 90 ಗ್ರಾಂವರೆಗೂ ಸಾಗುತ್ತದೆ. ಈ ಸಾಮರ್ಥ್ಯವು ಅಭ್ಯಾಸದಿಂದ ಬರತಕ್ಕದ್ದು. ಜಠರವೂ ಕಾಲುಗಳಂತೆ ಪಳಗಬೇಕಾದ ಅಂಗ.

8

ಇಲ್ಲಿ ನಮ್ಮ ನಾಡಿನ ಪದ್ಧತಿಯನ್ನು ನೆನೆಯುವುದು ಉಚಿತ. ದಾರಿಗರಿಗೆ ನೀರೆರೆಯುವ ಅರವಟ್ಟಿಗೆಯು ಕನ್ನಡ ಶಾಸನಗಳಲ್ಲಿ ದಾನದ ವಿಷಯವಾಗಿ ಕಾಣಿಸಿಕೊಳ್ಳುವಷ್ಟು ಹಳೆಯದು. ಇಂದಿಗೂ ಯುಗಾದಿಯ ಸಮಯದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಿಗೆ ದಾರಿಯ ಊರುಗಳವರು ನೀರು, ಮಜ್ಜಿಗೆ, ಪಾನಕ, ಅನ್ನವನ್ನು ಒದಗಿಸುತ್ತಾರೆ. ಬೇಸಗೆಯ ಮೊದಲ ಬಿಸಿಲಿನಲ್ಲಿ ನೂರಾರು ಕಿಲೋಮೀಟರ್ ನಡೆಯುವ ಜನಸಮೂಹವನ್ನು ಪೋಷಿಸುವ ಈ ವ್ಯವಸ್ಥೆಯಲ್ಲಿ ನೀರು, ಉಪ್ಪು, ಸಿಹಿ, ನೆರಳು, ವಿಶ್ರಾಂತಿ ಐದೂ ಇವೆ.

ಪದ್ಧತಿಯು ಹಳೆಯದೆಂಬ ಕಾರಣದಿಂದ ಅದನ್ನು ವಿಮರ್ಶೆಯಿಂದ ಹೊರಗಿಡುವುದು ಸಲ್ಲದು. ನಡೆಯುವವನ ಜಠರವು ತಾಳುವುದನ್ನು ಓಡುವವನ ಜಠರ ತಾಳದಿರಬಹುದು. ಮಜ್ಜಿಗೆಯಲ್ಲಿ ಉಪ್ಪುಂಟು, ಇಂಧನ ಅಲ್ಪ. ಓಟದ ನಡುವಿಗಿಂತ ಓಟದ ಅನಂತರಕ್ಕೆ ಅದು ಹೆಚ್ಚು ಒಪ್ಪುತ್ತದೆ. ಪಾನಕದಲ್ಲಿ ಇಂಧನವುಂಟು, ಉಪ್ಪಿಲ್ಲ. ಲೀಟರ್ ನೀರಿಗೆ 60 ಗ್ರಾಂ ಬೆಲ್ಲ, ಒಂದು ಗ್ರಾಂ ಉಪ್ಪು, ನಿಂಬೆಯ ರಸ ಬೆರೆಸಿ ಸೋಸಿಕೊಂಡರೆ ಅದರ ಸಿಹಿಯೂ ಉಪ್ಪೂ ಮಾರಾಟದ ಕ್ರೀಡಾಪಾನೀಯಗಳ ಮಟ್ಟಕ್ಕೆ ಬರುತ್ತವೆ. ಗಂಟೆಗೆ 600 ಮಿಲಿಲೀಟರಿನಂತೆ ಕುಡಿದರೆ ಸುಮಾರು 35 ಗ್ರಾಂ ಶರ್ಕರಪಿಷ್ಟ ಸಿಗುತ್ತದೆ. ಬೆಲ್ಲದ ಬಹುಪಾಲು ಸುಕ್ರೋಸ್ ಆದುದರಿಂದ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಅದರಲ್ಲಿ ತಾನಾಗಿಯೇ ಬರುತ್ತವೆ. ಇದಕ್ಕೆ ಒಂದು ಬಾಳೆಹಣ್ಣು ಸೇರಿದರೆ ಸಾಕಾದಷ್ಟಾಯಿತು. ಜೋಳದ ರೊಟ್ಟಿ ಕಾಳುಪಲ್ಯಗಳು ಹಿಂದಿನ ಮಧ್ಯಾಹ್ನಕ್ಕೆ ಶ್ರೇಷ್ಠವಾದುವು. ನಾರು ಹೆಚ್ಚಾದುದರಿಂದ ಹೊರಡುವ ಮುನ್ನ ಅವು ಒಗ್ಗವು. ಆಗ ತೆಳು ಅಂಬಲಿಯೋ ಎಣ್ಣೆ ಖಾರಗಳಿಲ್ಲದ ಹಿಡಿ ಮಂಡಕ್ಕಿಯೋ ಮೇಲು. ಊರಿಗೆ ಪ್ರಿಯವಾದ ಒಗ್ಗರಣೆ ಮಂಡಕ್ಕಿಯೂ ಮೆಣಸಿನಕಾಯಿ ಬಜ್ಜಿಯೂ ಓಟ ಮುಗಿದು ದೇಹ ಶಾಂತವಾದ ಮೇಲಿನ ಸಂತೋಷಕ್ಕೆ ಇರಲಿ.

9

ಈ ವಿಮರ್ಶೆಯಿಂದ ಹೊರಡುವ ನಿರ್ಣಯವು ಸರಳವಾದುದು. ಸಂಯಮದ ಮತವು ದೇಹವನ್ನೇ ಮರೆಯಿತು. ಗಡಿಯಾರದ ಮತವು ದೇಹಗಳ ಭೇದವನ್ನು ಮರೆಯಿತು. ಬಾಯಾರಿಕೆಯ ಮತವು ದೇಶಭೇದವನ್ನು ಲಘುವಾಗಿ ಎಣಿಸಿತು. ಮೂರನ್ನೂ ತಿದ್ದಬಲ್ಲ ಸಾಧನವು ಒಂದು ತೂಕದ ಯಂತ್ರ. ಓಟಕ್ಕೆ ಮೊದಲು ಮೂತ್ರವಿಸರ್ಜನೆಯ ಅನಂತರ ಒಮ್ಮೆ, ಓಟದ ಮೇಲೆ ಬೆವರೊರಸಿಕೊಂಡು ಒಮ್ಮೆ ತೂಗಿ, ಇಳಿದ ತೂಕಕ್ಕೆ ಕುಡಿದ ಪ್ರಮಾಣವನ್ನು ಕೂಡಿಸಿ, ಗಂಟೆಗಳಿಂದ ಭಾಗಿಸಿದರೆ ಬೆವರಿನ ದರ ದೊರೆಯುತ್ತದೆ. ಜನವರಿಯಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ ಇದನ್ನು ಬರೆದಿಟ್ಟುಕೊಂಡವನಿಗೆ ತನ್ನ ದೇಹದ ಗ್ರಂಥವೇ ಕೈಸೇರಿತು. ಇಂಧನ ಉರಿಯುವುದರಿಂದ ನೀರಿನ ಕೊರತೆಯಿಲ್ಲದೆಯೂ ಕೆಲವು ನೂರು ಗ್ರಾಂ ಇಳಿಯುವುದು ಸಹಜ. ನೂರಕ್ಕೆ 2ರ ಸುತ್ತಿನ ಇಳಿಕೆ ತಾಳತಕ್ಕದ್ದು. ಅದನ್ನು ಬಹಳ ಮೀರಿದರೆ ಮುಂದಿನ ಸಲ ಹೆಚ್ಚು ಕುಡಿಯಬೇಕು. ತೂಕ ಏರಿದ್ದರೆ ಕಡಿಮೆ ಮಾಡಲೇಬೇಕು. ತೂಕ ಏರಿ, ಬೆರಳುಗಳು ಊದಿ, ತಲೆನೋವು ವಾಂತಿಗಳು ಕಂಡುಬಂದವನಿಗೆ ಇನ್ನಷ್ಟು ನೀರು ಕುಡಿಸುವುದು ದಯೆಯಲ್ಲ. ಅವನನ್ನು ಆಸ್ಪತ್ರೆಗೆ ಒಯ್ಯಬೇಕು. ದೀರ್ಘ ಓಟದ ನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ನುಂಗುವ ರೂಢಿಯು ಮೂತ್ರಪಿಂಡಗಳಿಗೆ ಹೊರೆಯಾಗಿ ಈ ಅಪಾಯವನ್ನು ಹೆಚ್ಚಿಸುತ್ತದೆಂಬುದನ್ನೂ ಇಲ್ಲಿಯೇ ಹೇಳಬೇಕು. ಓಟದ ಅನಂತರ ಇಳಿದ ಪ್ರತಿ ಕಿಲೋಗ್ರಾಂಗೆ ಒಂದೂಕಾಲರಿಂದ ಒಂದೂವರೆ ಲೀಟರಿನಷ್ಟನ್ನು, ಒಂದೇ ಉಸಿರಿಗೆ ಕುಡಿಯದೆ, ಉಪ್ಪುಳ್ಳ ಊಟದೊಡನೆ ಕೆಲವು ಗಂಟೆಗಳಲ್ಲಿ ತುಂಬಿಕೊಳ್ಳಬಹುದು.

ಕಾಲೇಜಿನ ವ್ಯಾಯಾಮ ವಿಭಾಗದಲ್ಲಿ ಒಂದು ತೂಕದ ಯಂತ್ರ, ಒಂದು ಉಷ್ಣಮಾಪಕ, ಒಂದು ದಾಖಲೆಯ ಪುಸ್ತಕ, ತಣ್ಣೀರಿನ ಒಂದು ದೊಡ್ಡ ತೊಟ್ಟಿ ಇರುವುದು ದುಬಾರಿಯ ಬೇಡಿಕೆಯಲ್ಲ. ಆ ಪುಸ್ತಕವು ಹತ್ತು ವರ್ಷ ತುಂಬಿದರೆ, ಡರ್ಬನ್ ಬಾಸ್ಟನ್ನುಗಳಿಂದ ಬಂದ ಅಂಕಿಗಳ ಪಕ್ಕದಲ್ಲಿ ಬಳ್ಳಾರಿಯ, ಸಿರುಗುಪ್ಪದ, ಕುರುಗೋಡಿನ ದೇಹಗಳ ಅಂಕಿಗಳೂ ನಿಲ್ಲುತ್ತವೆ. ಪರದೇಶದ ವಿಧಿವಾಕ್ಯವನ್ನು ಕುರುಡಾಗಿ ಒಪ್ಪದೆಯೂ ಕುರುಡಾಗಿ ತಳ್ಳದೆಯೂ ಅಳೆದು ನೋಡುವ ಈ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಬೆವರಿನಿಂದಲೇ ಆರಂಭಿಸಬಹುದು.